ಅಪ್ಪನ ಕಡೆಗೆ ಹೋದಷ್ಟೂ ಚಳಿ

ಕಲ್ಲಿಗೆ ಇನ್ನೂ ಕಲ್ಲೆಂಬ ಹೆಸರು ಬಿದ್ದಿರಲಿಲ್ಲ. ಹೊಳೆಗಳಿಗೆ ಯಾವ ಕಡೆ ಹರಿಯಬೇಕೆಂದು ತಿಳಿದಿರಲಿಲ್ಲ. ಒಂದು ದಿನ ಮೂಡಲಿಗೆ, ಒಂದು ದಿನ ಪಡುವಲಿಗೆ ಹರಿದು ನೋಡುತ್ತಿದ್ದವು. ಭಗವಂತನು ಲೋಕವನ್ನು ಮಾಡಿ ಮುಗಿಸಿ ಎದ್ದಿದ್ದ, ಅವನ ಕೈಗೆ ಮೆತ್ತಿದ ಮಣ್ಣು ಇನ್ನೂ ಒಣಗಿರಲಿಲ್ಲ. ಆ ಹೊಸ ಕಾಲದ ಮಾತು ಇದು, ಮಗು.

ಆಗ ಸೂರ್ಯಪ್ಪನೂ ಭೂಮವ್ವನೂ ಒಂದೇ ಮನೆಯಲ್ಲಿ ಸಂಸಾರ ಮಾಡಿಕೊಂಡಿದ್ದರು.

ಸೂರ್ಯಪ್ಪ ಒಳ್ಳೆಯವನು. ಆದರೆ ಅವನ ಮೈ ಬೆಂಕಿ. ಅವನು ನಕ್ಕರೆ ಕೆರೆ ಬತ್ತುತ್ತಿತ್ತು. ಪ್ರೀತಿಯಿಂದ ಒಂದು ಗಿಡವನ್ನು ಸವರಿದರೆ ಗಿಡವಿದ್ದ ಕಡೆ ಹಿಡಿ ಬೂದಿ ಉಳಿಯುತ್ತಿತ್ತು. ಭೂಮವ್ವನ ಮೈಮೇಲೆಲ್ಲ ಬೊಬ್ಬೆಗಳೆದ್ದವು. ಆ ಬೊಬ್ಬೆಗಳೇ ಮುಂದೆ ಬೆಟ್ಟಗಳಾದದ್ದು. ಅವಳು ಗಂಡನ ಮುಂದೆ ಸೆರಗು ಹೊದ್ದು ಬೊಬ್ಬೆಗಳನ್ನು ಮರೆಮಾಡಿಕೊಂಡು ಓಡಾಡುತ್ತಿದ್ದಳು.

ಆದರೂ ಒಂದು ದಿನ ಸೂರ್ಯಪ್ಪ ಕಂಡುಬಿಟ್ಟ. ಕಂಡವನು ಅಂದು ಊಟಕ್ಕೆ ಕೂರಲಿಲ್ಲ. ನೇರ ಭಗವಂತನ ಬಳಿ ಹೋಗಿ, ಸ್ವಾಮಿ, ನನ್ನನ್ನು ದೂರ ಇಟ್ಟುಬಿಡು ಎಂದು ಕೇಳಿಕೊಂಡ. ಎಷ್ಟು ದೂರ ಎಂದು ಭಗವಂತ ಕೇಳಿದ. ನನ್ನ ಬೆಳಕು ಅವಳ ಅಂಗಳಕ್ಕೆ ಬೀಳಬೇಕು, ನನ್ನ ಉರಿ ಅವಳ ಮೈಗೆ ತಾಗಬಾರದು, ಅಷ್ಟು ದೂರ ಎಂದ ಸೂರ್ಯಪ್ಪ. ಭಗವಂತ ಅಳೆದು ನೋಡಿ ಅಷ್ಟೇ ದೂರದಲ್ಲಿ ಅವನಿಗೊಂದು ಮನೆ ಕೊಟ್ಟ. ಕಣ್ಣಿಗೆ ಸಿಗುವಷ್ಟು ಹತ್ತಿರ, ಕೈಗೆ ಸಿಗದಷ್ಟು ದೂರ.

ಗಂಡ ಹೊರಟ ದಿನ ಭೂಮವ್ವ ಅಂಗಳದಲ್ಲಿ ನಿಂತು ಒಂದು ನಿಟ್ಟುಸಿರು ಬಿಟ್ಟಳು. ಆ ನಿಟ್ಟುಸಿರೇ ಅವಳ ಚೊಚ್ಚಲ ಮಗಳಾಯಿತು. ಹುಟ್ಟಿದ ಕೂಡಲೇ ಸುಯ್ ಎಂದಿತಾದ್ದರಿಂದ ಸುಯ್ಯವ್ವ ಎಂದು ಹೆಸರಿಟ್ಟರು. ನಾವು ಈಗ ಗಾಳಿ ಎನ್ನುವುದು ಅವಳನ್ನೇ.

ನಿಟ್ಟುಸಿರು ಒಂದಕ್ಕೇ ನಿಲ್ಲುವುದುಂಟೇ? ಸುಯ್ಯವ್ವನ ಹಿಂದೆ ಅವಳ ತಂಗಿಯರು ಲೆಕ್ಕವಿಲ್ಲದಷ್ಟು ಮಂದಿ ಹುಟ್ಟಿದರು. ಎಲ್ಲರೂ ತಾಯಿಯ ಮೈಗೆ ಅಂಟಿಕೊಂಡೇ ಬೆಳೆದರು. ಒಬ್ಬಳ ಮೇಲೊಬ್ಬಳು ಮಲಗುವುದು, ಒಬ್ಬಳನ್ನೊಬ್ಬಳು ಒತ್ತುವುದು, ಕಾಲು ಚಾಚಲು ಜಾಗವಿಲ್ಲವೆಂದು ಗೊಣಗುವುದು. ಮಕ್ಕಳು ತುಂಬಿದ ಮನೆ ಹೇಗಿರುತ್ತದೆಂದು ನಿನಗೆ ಗೊತ್ತಲ್ಲ.

ತಂಗಿಯರಿಗೆ ಅವ್ವನೇ ಸಾಕಾಗಿತ್ತು. ಸುಯ್ಯವ್ವನಿಗೆ ಮಾತ್ರ ಅಪ್ಪ ಬೇಕಾಗಿತ್ತು.

ಹಗಲೆಲ್ಲ ಕಾಣುವ ಅಪ್ಪ. ಬೆಳಗ್ಗೆ ಬರುತ್ತಾನೆ, ನೆತ್ತಿಯ ಮೇಲೆ ನಿಲ್ಲುತ್ತಾನೆ, ಸಂಜೆಗೆ ಹೋಗುತ್ತಾನೆ. ಒಂದು ದಿನವೂ ಬರುವುದು ತಪ್ಪಿಸಿದವನಲ್ಲ. ಆದರೆ ಒಂದು ದಿನವೂ ಅವಳ ತಲೆ ಸವರಿದವನಲ್ಲ. ಹುಣಸೆಮರದ ತಲೆ ಸವರುತ್ತಿದ್ದ. ಎಮ್ಮೆಯ ಬೆನ್ನು ಸವರುತ್ತಿದ್ದ. ಕೆರೆಯ ನೀರಿನ ಮೇಲಂತೂ ಇಡೀ ಮಧ್ಯಾಹ್ನ ಕೈಯಾಡಿಸುತ್ತಾ ಕೂರುತ್ತಿದ್ದ. ಸುಯ್ಯವ್ವ ಮರದ ಪಕ್ಕ ನಿಂತು ನೋಡಿದಳು, ಎಮ್ಮೆಯ ಪಕ್ಕ ಮಲಗಿ ನೋಡಿದಳು. ಅಪ್ಪನ ಕೈ ಅವಳ ಮೇಲೆ ಬರಲೇ ಇಲ್ಲ.

ಅಪ್ಪನ ಮನೆಗೆ ಹೋಗಿಬರುತ್ತೇನೆ ಎಂದು ಅವಳು ಅವ್ವನನ್ನು ಕೇಳಿದಳು.

ಭೂಮವ್ವ ಬೇಡವೆನ್ನಲಿಲ್ಲ. ಬಯಸಿ ಹೊರಟ ಮಗಳನ್ನು ತಡೆಯಬಾರದು, ಬರಿಗೈಯಲ್ಲಿ ಕಳಿಸಲೂ ಬಾರದು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಹೊರಟಾಗ ಅಕ್ಕಿ, ಬೆಲ್ಲ, ತೆಂಗಿನಕಾಯಿ ಇಟ್ಟು ಮಡಿಲು ತುಂಬುತ್ತೇವಲ್ಲ, ಆ ಶಾಸ್ತ್ರ ಶುರುವಾದದ್ದು ಅಂದೇ. ಭೂಮವ್ವ ಮಗಳನ್ನು ಮೂಡಲಿಗೆ ಮುಖ ಮಾಡಿ ಕೂರಿಸಿದಳು. ಅವಳ ಸೆರಗನ್ನು ಚೀಲದ ಹಾಗೆ ಹಿಡಿಸಿ, ತನ್ನ ಮೈಯ ಬಿಸಿಯನ್ನು ಬೊಗಸೆಯಲ್ಲಿ ತೋಡಿ ತೋಡಿ ಹಾಕಿದಳು. ಮೇಲೊಂದಿಷ್ಟು ಕೆರೆಯ ತೇವವನ್ನೂ ಚಿಮುಕಿಸಿದಳು.

ಆಮೇಲೆ ದಾರಿಯ ಬುದ್ಧಿ ಹೇಳಿದಳು. ಮಡಿಲನ್ನು ಬಿಗಿಯಾಗಿ ಹಿಡಿದುಕೋ. ದಾರಿಯಲ್ಲಿ ಯಾರನ್ನೂ ನೂಕಬೇಡ. ಅಪ್ಪನ ಹೊಸಿಲಿಗೆ ಹೋದಮೇಲೆ ಕರೆಯುವವರೆಗೂ ಹೊರಗೇ ನಿಲ್ಲು. ಕರೆಯದೆ ಒಳಗೆ ಕಾಲಿಡುವುದು ಮಗಳಿಗಾದರೂ ಮರ್ಯಾದೆಯಲ್ಲ.

ಅಕ್ಕಿ ತುಂಬಿದರೆ ಮಡಿಲು ಭಾರವಾಗುತ್ತದೆ. ಬಿಸಿ ತುಂಬಿದರೆ ಹಗುರವಾಗುತ್ತದೆ. ಸುಯ್ಯವ್ವ ನಿಂತಲ್ಲಿಂದಲೇ ಮೇಲಕ್ಕೆದ್ದಳು. ಒಣಗಿದೆಲೆಗಳು ಅವಳ ಕಾಲಿಗೆ ಸುತ್ತಿಕೊಂಡು ಒಂದಷ್ಟು ದೂರ ಗಿರಗಿರನೆ ಕುಣಿದು ಕಳಿಸಿಕೊಟ್ಟವು.

ಮೊದಲು ಹುಣಸೆಮರದ ತುದಿ ಬಂತು. ಆಮೇಲೆ ಹದ್ದು ಸಿಕ್ಕಿತು. ಅದು ಕೇಳದೆಯೇ ಅವಳ ಬೆನ್ನೇರಿ ರೆಕ್ಕೆ ಹರಡಿ ಕೂತಿತು. ಆಮೇಲೆ ಬೋಳಣ್ಣ ಬಂದ. ಬೋಳಣ್ಣ ಎಂದರೆ ಬಂಡೆಗಳ ಬೋಳು ಬೆಟ್ಟ, ಅವ್ವನ ಮೈಮೇಲೆದ್ದ ಬೊಬ್ಬೆಗಳಲ್ಲೆಲ್ಲ ಹಿರಿಯದು. ಆ ಲೆಕ್ಕದಲ್ಲಿ ಸುಯ್ಯವ್ವನಿಗೆ ಅಣ್ಣ. ಎಲ್ಲಿಗೆ ಹೊರಟೆ ತಂಗಿ, ಇಷ್ಟು ಸಿಂಗಾರ ಮಾಡಿಕೊಂಡು, ಎಂದು ಕೇಳಿದ. ಅಪ್ಪನ ಮನೆಗೆ ಎಂದಳು.

ಕೆಳಗಿದ್ದಾಗ ಸುತ್ತಲೂ ತಂಗಿಯರು ಒತ್ತಿಕೊಂಡಿರುತ್ತಿದ್ದರು. ಮೇಲೆ ಹೋದಷ್ಟೂ ಮಂದಿ ಕಡಿಮೆಯಾದರು, ಒತ್ತುವವರು ಕಡಿಮೆಯಾದರು. ಜಾಗ ಸಿಕ್ಕರೆ ಯಾರು ಮುದುಡಿಕೊಂಡಿರುತ್ತಾರೆ ಹೇಳು. ಸುಯ್ಯವ್ವನ ತೋಳುಗಳು ತಾವೇ ಅಗಲವಾದವು. ಇದ್ದ ನಾಲ್ಕು ಮಂದಿಯನ್ನು ಆಚೀಚೆ ನೂಕಿ ಜಾಗ ಮಾಡಿಕೊಂಡಳು. ನೂಕುವುದೆಂದರೆ ಕೆಲಸ. ಕೆಲಸಕ್ಕೆ ಕಸುವು ಬೇಕು. ಅವಳಲ್ಲಿದ್ದ ಕಸುವೆಂದರೆ ಮಡಿಲಿನ ಬಿಸಿಯೊಂದೇ. ಒಂದು ನೂಕು, ಒಂದು ಹಿಡಿ ಬಿಸಿ. ಇನ್ನೊಂದು ನೂಕು, ಇನ್ನೊಂದು ಹಿಡಿ. ಯಾರೂ ಕದಿಯಲಿಲ್ಲ, ಎಲ್ಲೂ ಚೆಲ್ಲಲಿಲ್ಲ. ಹರಡಿಕೊಳ್ಳುತ್ತಾ ಹರಡಿಕೊಳ್ಳುತ್ತಾ ಮಡಿಲು ಬರಿದಾಯಿತು.

ಬೋಳಣ್ಣನ ನೆತ್ತಿ ದಾಟುವ ಹೊತ್ತಿಗೆ ಅವಳಿಗೆ ಮೈ ನಡುಗಿತು. ಇನ್ನೂ ಮೇಲೆ ಹೋದಾಗ ಹಲ್ಲು ಕಟಕಟಿಸಿತು. ಅವ್ವ ಚಿಮುಕಿಸಿದ ತೇವ ಆ ಚಳಿಗೆ ಹನಿಹನಿಯಾಗಿ ಹೆಪ್ಪುಗಟ್ಟಿ ಅವಳ ಮೈಯೆಲ್ಲ ಬೆಳ್ಳಗಾಯಿತು. ಇದೇ ಅಪ್ಪನ ಹೊಸಿಲು ಇರಬೇಕೆಂದು ಸುಯ್ಯವ್ವ ಅಲ್ಲಿಯೇ ನಿಂತಳು. ಮೇಲೆ ಅಪ್ಪ ಕಾಣುತ್ತಿದ್ದ. ಕೆಳಗಿಂದ ಕಂಡಷ್ಟೇ ದೂರ ಕಾಣುತ್ತಿದ್ದ.

ಅವಳು ಕಾದಳು. ಯಾರೂ ಕರೆಯಲಿಲ್ಲ. ಕಾಲಿಗೆ ನೀರು ಕೊಡಲಿಲ್ಲ, ಬಾ ಎನ್ನಲಿಲ್ಲ. ಹೊತ್ತು ಇಳಿಯುತ್ತಾ ಬಂತು. ಮೈಮೇಲಿನ ಹನಿಗಳನ್ನು ಅಲ್ಲೇ ಕೊಡವಿ ಅವಳು ಹಿಂದಿರುಗಿದಳು. ಅವು ಅವ್ವನ ಹೊಲದ ಮೇಲೆ ಮಳೆಯಾಗಿ ಬಿದ್ದವು. ಕೆಳಗಿಳಿದಂತೆ ತಂಗಿಯರು ಅಕ್ಕ ಬಂದಳೆಂದು ಮುತ್ತಿಕೊಂಡು ಒತ್ತಿ ಒತ್ತಿ ಅಪ್ಪಿದರು. ಆ ಒತ್ತಿಗೆ ಅವಳ ಮೈ ಮತ್ತೆ ಬೆಚ್ಚಗಾಯಿತು.

ಮಾರನೆಯ ದಿನ ಇನ್ನೂ ಬಿಗಿಯಾಗಿ ಮಡಿಲು ಕಟ್ಟಿಕೊಂಡು ಹೋದಳು. ಹುಣಸೆಮರದ ತುದಿ ಬಂತು, ಹದ್ದು ಬಂತು, ಬೋಳಣ್ಣ ಬಂದ. ಮೇಲೆ ಹೋದಷ್ಟೂ ಚಳಿ. ಯಾರೂ ಕರೆಯಲಿಲ್ಲ.

ಅದರ ಮಾರನೆಯ ದಿನ ಅವ್ವನಿಂದ ಎರಡು ಪಟ್ಟು ಬಿಸಿ ಹಾಕಿಸಿಕೊಂಡು ಹೋದಳು. ಹಿಂದಿನ ದಿನಕ್ಕಿಂತ ಎತ್ತರಕ್ಕೆ ಹೋದಳು. ಎತ್ತರಕ್ಕೆ ಹೋದಷ್ಟೂ ಇನ್ನೂ ಚಳಿ. ಯಾರೂ ಕರೆಯಲಿಲ್ಲ.

ಬೋಳಣ್ಣನಿಗೆ ಇದು ತಮಾಷೆಯಾಯಿತು. ತಂಗಿ, ಅಪ್ಪನ ಮನೆಯ ಊಟ ಹೇಗಿತ್ತು, ಹಪ್ಪಳ ಹಾಕಿದ್ದರೇ ಎಂದು ಕೇಳುತ್ತಿದ್ದ. ಸುಯ್ಯವ್ವ ಅದಕ್ಕೆಲ್ಲ ನಕ್ಕು ಮುಂದೆ ಹೋಗುತ್ತಿದ್ದಳು. ಆದರೆ ಒಂದು ದಿನ ಹದ್ದು, ದಿನವೂ ಅವಳ ಬೆನ್ನಿನ ಮೇಲೆ ಪುಕ್ಕಟೆ ಸವಾರಿ ಮಾಡುವ ಹದ್ದು, ಒಂದು ಮಾತಾಡಿತು.

"ಒಲೆ ಹತ್ರ ಹೋದ್ರೆ ಬೆಚ್ಚಗಾಗ್ಬೇಕು ಕಣೆ ಸುಯ್ಯವ್ವ. ನಿಮ್ಮಪ್ಪ ಅಷ್ಟು ದೊಡ್ಡ ಒಲೆ. ಹತ್ರ ಹೋದಷ್ಟೂ ನಿಂಗೆ ಚಳಿಯಾಗ್ತೈತೆ ಅಂದ್ರೆ ಅದರ ಅರ್ಥ ಏನು? ಬೇಡದ ನೆಂಟರು ಬಂದ್ರೆ ನಾವೂ ಒಲೆ ಆರಿಸ್ಬಿಡ್ತೀವಿ."

ಹದ್ದು ಇದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ತೋಚಿದ್ದನ್ನು ಹೇಳಿತು. ಆದರೆ ಸುಯ್ಯವ್ವ ದಾರಿಯಲ್ಲೇ ನಿಂತಳು. ಹೊಸಿಲಲ್ಲಿ ಕಾದ ಹೊತ್ತುಗಳೆಲ್ಲ ಅವಳಿಗೆ ಒಟ್ಟಿಗೆ ನೆನಪಾದವು. ಹುಣಸೆಮರ, ಎಮ್ಮೆಯ ಬೆನ್ನು, ಕೆರೆಯ ನೀರು ನೆನಪಾದವು. ಅಪ್ಪನಿಗೆ ನಾನು ಬೇಡ, ಅದಕ್ಕೇ ಕರೆಯುವುದಿಲ್ಲ ಎಂದು ಅವಳ ಮನಸ್ಸಿಗೆ ನಾಟಿತು. ಹದ್ದನ್ನು ಅಲ್ಲೇ ಇಳಿಸಿ, ಕೆಳಗೆ ಬಂದು, ಅವ್ವನ ಮೊಣಕಾಲಿನಲ್ಲಿ ಮುಖವಿಟ್ಟು ಮಲಗಿಬಿಟ್ಟಳು.

ಮರುದಿನ ಅವಳು ಏಳಲಿಲ್ಲ. ಅದರ ಮರುದಿನವೂ ಏಳಲಿಲ್ಲ.

ಸುಯ್ಯವ್ವ ಏಳದೆ ಹೋದದ್ದಕ್ಕೆ ಲೋಕದಲ್ಲಿ ಒಂದು ಎಲೆಯೂ ಅಲುಗಲಿಲ್ಲ. ಒಲೆಯ ಹೊಗೆ ಸೂರು ದಾಟಿ ಹೋಗದೆ ಅಂಗಳದಲ್ಲೇ ಅಡ್ಡಡ್ಡ ಮಲಗಿತು. ಮೋಡವಿಲ್ಲದ ಆಕಾಶ ಖಾಲಿ ತಟ್ಟೆಯ ಹಾಗಿತ್ತು. ಹದ್ದಿಗೆ ಏರಲು ಬೆನ್ನು ಸಿಗಲಿಲ್ಲ. ಅದು ಕಾಲ್ನಡಿಗೆಯಲ್ಲಿ ಓಡಾಡುವುದನ್ನು ಕಂಡು ಕೋಳಿಗಳು ನಕ್ಕವು.

ಬೋಳಣ್ಣನ ಬುಡದಲ್ಲಿ ಸಣ್ಣೀರಕ್ಕ, ಪಾತಪ್ಪ ಎಂಬ ಗಂಡಹೆಂಡಿರಿದ್ದರು. ಅವರು ರಾಗಿ ಬೆಳೆದಿದ್ದರು. ಲೋಕದಲ್ಲಿ ಬೆಳೆದ ಮೊದಲ ರಾಗಿ ಅದು. ಕಣ ಮಾಡಿ ಸಾರಿಸಿ, ತೆನೆ ಹರಡಿ, ಕಲ್ಲಿನ ಗುಂಡು ಉರುಳಿಸಿ ಕಾಳು ಬಿಡಿಸಿ ಆಗಿತ್ತು. ಇನ್ನು ತೂರಿ ಹೊಟ್ಟು ಬೇರೆ ಮಾಡುವುದೊಂದೇ ಉಳಿದಿತ್ತು. ತೂರಲು ಗಾಳಿ ಬೇಕು. ಸಣ್ಣೀರಕ್ಕ ಮೊರ ಎತ್ತಿ ಹಿಡಿದು ನಿಂತಳು. ಕಾಳೂ ಹೊಟ್ಟೂ ಎರಡೂ ಅವಳ ಕಾಲ ಬುಡಕ್ಕೇ ಬಿದ್ದವು. ಪಾತಪ್ಪ ಕೆನ್ನೆ ಉಬ್ಬಿಸಿ ಬಾಯಲ್ಲಿ ಊದಿ ನೋಡಿದ. ಹೊಟ್ಟೆಲ್ಲ ಹೋಗಿ ಅವನ ಮೀಸೆಗೇ ಅಂಟಿಕೊಂಡಿತು. ನಿನ್ನ ಮೀಸೆ ತೂರಿದರೆ ಒಂದು ಸೇರು ಸಿಗುತ್ತದೆ ಬಿಡು ಎಂದಳು ಸಣ್ಣೀರಕ್ಕ.

ನಗೆಯೇನೋ ಆಡಿದಳು. ಮನೆಯಲ್ಲಿ ಮಕ್ಕಳು ಹಿಟ್ಟಿಗೆ ಕಾಯುತ್ತಿದ್ದವು. ಅವಳು ಮೊರವನ್ನು ಕೆಳಗಿಟ್ಟು ಕಣದ ಅಂಚಿಗೆ ಬಂದು, ಅಲ್ಲಿ ನೆಲಕ್ಕೆ ಅಂಟಿ ಮಲಗಿದ್ದ ಸುಯ್ಯವ್ವನನ್ನು ಮಾತಾಡಿಸಿದಳು. ಆಗಿನ ಜನಕ್ಕೆ ಗಾಳಿಯೊಡನೆ ಮಾತಾಡುವುದು ಅಕ್ಕಪಕ್ಕದ ಮನೆಯವರೊಡನೆ ಮಾತಾಡಿದಷ್ಟೇ ಸಲೀಸು.

"ಏನವ್ವ, ವಯಸ್ಸಿಗೆ ಬಂದ ಹುಡುಗಿ ಹಿಂಗೆ ಮಕ ಮುಚ್ಕಂಡು ಬಿದ್ದಿದ್ದೀಯಲ್ಲ. ನಮ್ಮ ರಾಶಿ ಹಂಗೇ ಕುಂತೈತೆ."

"ನಮ್ಮಪ್ಪಂಗೆ ನಾನು ಬೇಡ ಅಕ್ಕ," ಎಂದಳು ಸುಯ್ಯವ್ವ.

ಹಾಗೆಂದು ಯಾರು ಹೇಳಿದರು ಎಂದು ಸಣ್ಣೀರಕ್ಕ ಕೇಳಿದಳು. ಸುಯ್ಯವ್ವ ಎಲ್ಲವನ್ನೂ ಹೇಳಿಕೊಂಡಳು. ಮಡಿಲು ತುಂಬಿದ್ದು, ದಾರಿಯಲ್ಲಿ ಬರಿದಾದದ್ದು, ಹೊಸಿಲಲ್ಲಿ ಕಾದದ್ದು, ಹದ್ದು ಹೇಳಿದ್ದು. ಸಣ್ಣೀರಕ್ಕ ನಡುವೆ ಬಾಯಿ ಹಾಕದೆ ಕೇಳಿದಳು. ಕೇಳುತ್ತಾ ಕೇಳುತ್ತಾ ಕಾಲು ಸೋತು ಕಣದಲ್ಲಿದ್ದ ಗುಂಡುಕಲ್ಲಿನ ಮೇಲೆ ಕೂತಳು. ಕೂತವಳು ಸೀರೆ ಒದರಿ ತಟ್ಟನೆ ಎದ್ದಳು. ಕಲ್ಲು ಕಾದು ಕೆಂಡವಾಗಿತ್ತು.

"ಇಲ್ಲಿ ಬಾ, ಈ ಕಲ್ಲು ಮುಟ್ಟಿ ನೋಡು," ಎಂದಳು. "ಬೆಳಗ್ಗೆ ಇದನ್ನ ಮುಟ್ಟಿದ್ದೆ, ಹಾವಿನ ಮೈ ಇದ್ದಂಗೆ ತಣ್ಣಗಿತ್ತು. ನಾನು ಇದರ ಕೆಳಗೆ ಒಲೆ ಹಚ್ಚಿಲ್ಲ. ಕೆಂಡ ಸುರಿದಿಲ್ಲ. ಈಗ ಕುಂಡಿ ಸುಡ್ತೈತೆ. ಹದ್ದಿನ ಮಾತು ಬಿಡು, ಅದು ಕಲ್ಲಿನ ಮೇಲೆ ಯಾವತ್ತು ಕುಂತೈತೆ? ಈ ಬಿಸಿ ಎಲ್ಲಿಂದ ಬಂತು ಅಂತ ನಿಮ್ಮವ್ವನ್ನೇ ಕೇಳು."

ಸುಯ್ಯವ್ವ ಕಲ್ಲಿನ ಮೇಲೆ ಮೈ ಚಾಚಿದಳು. ಅವ್ವ ದಿನವೂ ಮಡಿಲಿಗೆ ಹಾಕುವ ಬಿಸಿಯೇ ಅದು, ಬೇರೆಯಲ್ಲ. ಆಗ ಅವಳು ಅವ್ವನ ಕಡೆ ತಿರುಗಿ, ನನ್ನ ಮಡಿಲಿಗೆ ಹಾಕುವ ಬಿಸಿ ಯಾರದು ಎಂದು ಕೇಳಿದಳು.

ಭೂಮವ್ವನಿಗೆ ಆಶ್ಚರ್ಯವಾಯಿತು. ಮಗಳಿಗೆ ಇದು ಗೊತ್ತಿಲ್ಲವೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ನಿಮ್ಮಪ್ಪಂದೇ ಕಣವ್ವ, ಇನ್ಯಾರದು? ರಾತ್ರಿ ಕಳೆದ್ರೆ ನಾನು ತಣ್ಣಗೆ ಮಲಗಿರ್ತೀನಿ. ಬೆಳಗ್ಗೆ ಅವರು ಬಂದು ನನ್ನ ಕೈಗೆ ಹಾಕ್ತಾರೆ, ನಾನು ನಿಂಗೆ ಹಾಕ್ತೀನಿ. ಒಂದು ಮನೇಲಿ ಇದು ಅಪ್ಪ ತಂದದ್ದು, ಇದು ಅವ್ವ ಕೊಟ್ಟದ್ದು ಅಂತ ಹೇಳಿ ಹೇಳಿ ಯಾರು ಬಡಿಸ್ತಾರೆ?"

ಹಾಗಾದರೆ ನನ್ನ ಕೈಗೇ ಏಕೆ ಕೊಡುವುದಿಲ್ಲ ಎಂದು ಸುಯ್ಯವ್ವ ಕೇಳಿದಳು. ಅದನ್ನು ಅವರ ಬಾಯಿಂದಲೇ ಕೇಳು, ಸಂಜೆ ನಮ್ಮ ಬಯಲಿನ ಅಂಚಿಗೆ ಬರುತ್ತಾರೆ ಎಂದಳು ಭೂಮವ್ವ.

ಸಂಜೆ ಸೂರ್ಯಪ್ಪ ಪಡುವಣ ಬಯಲಿನ ಅಂಚಿಗೆ ಇಳಿದ. ಮಧ್ಯಾಹ್ನ ನೆತ್ತಿಯ ಮೇಲಿದ್ದಾಗ ಅವನ ನೋಟ ಸುಯ್ಯವ್ವನ ಅಡ್ಡಕ್ಕೆ ಹಾದು ಹೋಗುತ್ತಿತ್ತು. ಈಗ ನೆಲದ ಮಟ್ಟದಿಂದ ನೋಡುವಾಗ, ತಲೆಯಿಂದ ಕಾಲಿನವರೆಗೆ ಅವಳ ಉದ್ದಕ್ಕೂ ಹಾದು ಬರಬೇಕಾಗಿತ್ತು. ಅಷ್ಟು ದೂರ ಅವಳನ್ನು ಹಾದು ಬಂದು ಅವನ ಕಣ್ಣು ಕೆಂಪಾಗಿತ್ತು.

ಸುಯ್ಯವ್ವ ಮೊದಲ ಬಾರಿಗೆ ಕರೆಯಲೆಂದು ಕಾಯಲಿಲ್ಲ. ತಾನೇ ಕೇಳಿದಳು. ಎಲ್ಲರನ್ನೂ ಮುಟ್ಟುತ್ತೀಯ, ಎಮ್ಮೆಯನ್ನೂ ಮುಟ್ಟುತ್ತೀಯ, ನಾನು ಏನು ತಪ್ಪು ಮಾಡಿದೆ ಎಂದು ಕೇಳಿದಳು.



"ನೀನು ಹುಟ್ಟಿದ ದಿನವೇ ಕೈ ಚಾಚಿದೆ ಮಗಳೇ," ಎಂದ ಸೂರ್ಯಪ್ಪ. "ನನ್ನ ಕೈ ನಿನ್ನ ಮೈಮೇಲೆ ನಿಲ್ಲಲಿಲ್ಲ. ನಿನ್ನನ್ನ ಹಾದು ಹೋಗಿ ಆಚೆ ಇದ್ದ ನಿಮ್ಮವ್ವನಿಗೆ ತಾಗ್ತು. ಇವತ್ತು ತಾಗೀತು, ನಾಳೆ ತಾಗೀತು ಅಂತ ದಿನಾ ಚಾಚಿ ನೋಡ್ತೀನಿ. ಮರಕ್ಕೆ ತಾಗ್ತದೆ, ಕಲ್ಲಿಗೆ ತಾಗ್ತದೆ. ನಿನಗೊಬ್ಬಳಿಗೆ ತಾಗೋದಿಲ್ಲ. ನಿನ್ನ ಮೈ ಅಷ್ಟು ತೆಳು, ಅಷ್ಟು ತಿಳಿ. ನನ್ನ ಬೆರಳ ತುದಿಯ ಒಂಚೂರು ನೀಲಿ ಮಾತ್ರ ನಿನ್ನ ಮೈಗೆ ಅಂಟ್ತದೆ, ಅಷ್ಟೇ. ಅದಕ್ಕೇ ನಿನ್ನ ಪಾಲನ್ನ ನಿಮ್ಮವ್ವನ ಕೈಲಿ ಇಟ್ಟು ಹೋಗ್ತೀನಿ."

ಸುಯ್ಯವ್ವ ತನ್ನ ಮೈಯನ್ನು ತಾನೇ ನೋಡಿಕೊಂಡಳು. ತಲೆಯೆತ್ತಿ ಮೇಲೆ ನೋಡಿದರೆ, ತಾನೂ ತಂಗಿಯರೂ ಹಬ್ಬಿದ್ದ ಉದ್ದಗಲಕ್ಕೂ ಇನ್ನೂ ತೆಳುವಾಗಿ ನೀಲಿ ಉಳಿದಿತ್ತು. ಹುಟ್ಟಿದಂದಿನಿಂದ ಅದು ಅಲ್ಲೇ ಇತ್ತು. ಅವಳು ಅದನ್ನು ಬರೀ ಬಣ್ಣವೆಂದುಕೊಂಡಿದ್ದಳು.

ಅವಳಿಗೆ ಈಗ ಎಲ್ಲವೂ ತಿಳಿಯಿತು. ಅಪ್ಪನ ಬಿಸಿ ಇರುವುದು ಅವ್ವನ ಬಳಿ. ಅವ್ವನಿಂದ ದೂರ ಹೋದಷ್ಟೂ ಆ ಬಿಸಿಯಿಂದ ದೂರ. ಅಪ್ಪನ ಕಡೆಗೆ ಹೆಜ್ಜೆಯಿಟ್ಟಷ್ಟೂ ಅಪ್ಪ ಕೊಟ್ಟದ್ದು ಕರಗಿಹೋಗುತ್ತದೆ. ಭಗವಂತನ ಏರ್ಪಾಡು ಹಾಗಿತ್ತು, ಅದರಲ್ಲಿ ಯಾರ ತಪ್ಪೂ ಇರಲಿಲ್ಲ.

"ಹಂಗಾದ್ರೆ ನಾನು ಇನ್ನು ಬರೋದು ಬೇಡವಾ ಅಪ್ಪ?" ಎಂದು ಕೇಳಿದಳು.

ಆ ಹೊತ್ತಿಗೆ ಸೂರ್ಯಪ್ಪನ ಅರ್ಧ ಮುಖ ಬಯಲಿನ ಹಿಂದೆ ಹೋಗಿತ್ತು.

"ಬರಬೇಡ ಅನ್ನಬೇಕು," ಎಂದ. "ಬಂದ್ರೆ ನಡುಗ್ತೀಯ, ನಾನು ಹೊದಿಸಲಾರೆ. ಬೆಚ್ಚಗೆ ಅವ್ವನ ಹತ್ರ ಇರು ಅನ್ನೋದೇ ನ್ಯಾಯ. ಆದ್ರೆ ಕೆಳಗಿದ್ದಾಗ ನೀನು ನನಗೆ ಕಾಣೋದೇ ಇಲ್ಲವಲ್ಲ. ಮೇಲೆ ಬಂದು, ತಣ್ಣಗಾಗಿ, ಮೈಯೆಲ್ಲ ಬೆಳ್ಳಗೆ ಹನಿ ಕಟ್ಟಿ ನಿಲ್ಲುತ್ತೀಯಲ್ಲ, ಆಗ ಒಂದು ಗಳಿಗೆ ಕಾಣ್ತೀಯ. ನನ್ನ ಮಗಳು ಇಷ್ಟೆತ್ತರ ಆದಳು, ಇಷ್ಟಗಲ ಆದಳು ಅಂತ ನೋಡ್ಕೊಂಡು ಹೋಗ್ತೀನಿ. ಕರೆದ್ರೆ ಎಲ್ಲಿ ಇನ್ನೂ ಮೇಲೆ ಬಂದು ಹೆಪ್ಪುಗಟ್ಟಿ ಹೋಗ್ತೀಯೋ ಅಂತ ಕರೆಯೋದಿಲ್ಲ."

ಇಷ್ಟು ಹೇಳಿ ಅವನು ಮುಳುಗಿದ. ಹೊತ್ತು ಮೀರಿದರೆ ಅವನೂ ನಿಲ್ಲುವಂತಿರಲಿಲ್ಲ.

ಮರುದಿನ ಬೆಳಗ್ಗೆ ಸುಯ್ಯವ್ವ ಎಲ್ಲರಿಗಿಂತ ಮುಂಚೆ ಎದ್ದು ಅವ್ವನ ಮುಂದೆ ಸೆರಗು ಚಾಚಿ ಕೂತಳು. ಮತ್ತೆ ಹೋಗುತ್ತೀಯೇನೇ, ಚಳಿ ಗೊತ್ತಿದ್ದೂ, ಎಂದು ಭೂಮವ್ವ ಕೇಳಿದಳು. ಅಪ್ಪ ನೋಡಬೇಕಂತೆ ಎಂದಳು ಮಗಳು. ಬಿಸಿಲೇರಿದ ಮೇಲೆ ಭೂಮವ್ವ ಬೊಗಸೆಯಲ್ಲಿ ಬಿಸಿ ತೋಡಿದಳು. ಕೆರೆಯ ತೇವವನ್ನು ಮಾತ್ರ ಅಂದು ಒಂದು ಚಿಮುಕು ಹೆಚ್ಚಾಗಿಯೇ ಹಾಕಿದಳು. ಮಗಳು ಅವರಿಗೆ ಚೆನ್ನಾಗಿ ಕಾಣಲಿ ಎಂದು.

ಸುಯ್ಯವ್ವ ಮೇಲಕ್ಕೆದ್ದಳು. ಅವಳು ಬಿಟ್ಟ ಜಾಗವನ್ನು ಹಿಡಿಯಲು ಪಕ್ಕದ ತಂಗಿಯರೆಲ್ಲ ನುಗ್ಗಿದರು. ಆ ನುಗ್ಗಾಟ ಬಯಲಿನ ಮೇಲೆ ಗಾಳಿಯಾಗಿ ಬೀಸಿತು. ಸಣ್ಣೀರಕ್ಕ ಓಡಿ ಹೋಗಿ ಮೊರ ಎತ್ತಿದಳು. ಕಾಳು ಕೆಳಗೆ, ಹೊಟ್ಟು ಆಚೆ. ಲೋಕದ ಮೊದಲ ರಾಗಿ ರಾಶಿ ಕೆಂಪಗೆ ಕಣದಲ್ಲಿ ಕೂತಿತು. ಪಾತಪ್ಪ ಹೊಟ್ಟು ಬೀಳುವ ಕಡೆಯೇ ನಿಂತಿದ್ದ. ಅವನಿಗೆ ಅಲ್ಲಿಂದ ಸರಿಯಬೇಕೆಂದು ಹೊಳೆಯುವಷ್ಟರಲ್ಲಿ ತಲೆಯೂ ಮೀಸೆಯ ಬಣ್ಣಕ್ಕೆ ಬಂದಿತ್ತು. ಸಣ್ಣೀರಕ್ಕ ಒಂದು ಹಿಡಿ ಹೊಸ ರಾಗಿಯನ್ನು ಮೂಡಲಿಗೆ ತಿರುಗಿ ಸೂರ್ಯಪ್ಪನಿಗೆ ತೋರಿಸಿ, ನೆಲಕ್ಕೆ ಮುಟ್ಟಿಸಿ, ಕಣ್ಣಿಗೆ ಒತ್ತಿಕೊಂಡಳು.

ಹದ್ದು ನಡೆಯುವುದನ್ನು ಬಿಟ್ಟು ಬಂದು ಹತ್ತಿಕೊಂಡಿತು. ಎಲ್ಲಿಗೆ ಎಂದು ಕೇಳಲಿಲ್ಲ. ಬೋಳಣ್ಣನೂ ಅಂದು ಊಟದ ಸುದ್ದಿ ಎತ್ತಲಿಲ್ಲ. ತಂಗಿ ತನ್ನ ನೆತ್ತಿ ದಾಟುವಾಗ ನಡುಗುತ್ತಿದ್ದುದನ್ನು ಕಂಡು, ಬಿಸಿಲಿಗೆ ಕಾದಿದ್ದ ತನ್ನ ಬಂಡೆಗಳನ್ನು ಅವಳತ್ತ ಚಾಚಿದ. ಅವಳು ಅದಕ್ಕೊಮ್ಮೆ ಮೈ ತಾಗಿಸಿಕೊಂಡು ಮೇಲೆ ಹೋದಳು. ಹೋಗಿ, ತಣ್ಣಗಾಗಿ, ಬೆಳ್ಳಗಾಗಿ, ಅಪ್ಪನಿಗೆ ಕಾಣುವ ಹಾಗೆ ನಿಂತಳು.

ಇಂದಿಗೂ ಅವಳು ಹೋಗುವುದನ್ನು ಬಿಟ್ಟಿಲ್ಲ. ಮಧ್ಯಾಹ್ನ ಬಯಲಿನಲ್ಲಿ ಒಣಗಿದೆಲೆಗಳು ಗಿರಗಿರನೆ ಸುತ್ತಿಕೊಂಡು ಏಳುವಾಗ, ಹದ್ದು ರೆಕ್ಕೆ ಬಡಿಯದೆ ಮೇಲೆ ಮೇಲೆ ತೇಲುವಾಗ, ಹೊರಟಳು ಎಂದು ತಿಳಿ. ನೀಲಿಯಲ್ಲಿ ಒಂದು ಬಿಳಿ ಮೋಡ ಮೂಡಿ ಅಲುಗದೆ ನಿಂತರೆ, ಅಪ್ಪ ಮಗಳನ್ನು ನೋಡುತ್ತಿದ್ದಾನೆ ಎಂದು ಕೈಮುಗಿ.

ಬೆಟ್ಟದ ಮೇಲೆ ಸೂರ್ಯ ಹತ್ತಿರ ಅಲ್ಲವಾ, ಮತ್ತೆ ಅಲ್ಲೇಕೆ ಚಳಿ ಎಂದು ಕೇಳಿದೆಯಲ್ಲ ಮಗು, ಅದಕ್ಕೇ. ಸುಯ್ಯವ್ವ ಅಲ್ಲಿಗೆ ಬರುವಷ್ಟರಲ್ಲಿ ಅವಳ ಬಿಸಿ ಖರ್ಚಾಗಿರುತ್ತದೆ. ಅಲ್ಲಿ ನೆತ್ತಿಯ ಬಂಡೆಯ ಮೇಲೆ ನಿಂತರೆ ಬಿಸಿಲು ನಿನ್ನ ಕೆನ್ನೆಯನ್ನು ಚುರುಚುರು ಸುಡುತ್ತದೆ, ಅದೇ ಕೆನ್ನೆಗೆ ಗಾಳಿ ತಣ್ಣಗೆ ಬಂದು ತಾಗುತ್ತದೆ. ಆಗ ಮುಖ ಮುಚ್ಚಿಕೊಳ್ಳಬೇಡ, ಅಪ್ಪ ಈಗತಾನೇ ಮುಟ್ಟಿದ ಕೆನ್ನೆಯನ್ನು ಅವಳು ಒಮ್ಮೆ ಮುಟ್ಟಿ ಹೋಗುತ್ತಿರುತ್ತಾಳೆ.